ದ್ರಾಕ್ಷಿತೋಟದ ಪಕ್ಕದ ಮನೆಯವರು

ಕ್ಯಾಲಿಫೋರ್ನಿಯಾದ ನಾಪಾ, ಸೊನೋಮಾ ಕೌಂಟಿಗಳಲ್ಲಿ ವೈನರಿಯೊಂದು ಮನೆಗಳ ಸಮೀಪ ಸಮಾರಂಭ ಭವನ ಕಟ್ಟಲು ಹೊರಟರೆ ಅಹವಾಲು ಸಭೆ ಕಾವೇರುತ್ತದೆ. ಮಾಲೀಕರ ಮಾತನ್ನು ತಳ್ಳಿಹಾಕುವಂತಿಲ್ಲ. ಸಗಟು ವ್ಯಾಪಾರಿಯ ಪಾಲು ಕಳೆದರೆ ಸಣ್ಣ ತೋಟದವರಿಗೆ ಉಳಿಯುವುದು ಅಲ್ಪ. ಬಂದ ಅತಿಥಿಗೆ ನೇರವಾಗಿ ಮಾರಿದರೆ ನಾಲ್ಕು ಕಾಸು ಹೆಚ್ಚು ಸಿಗುತ್ತದೆ.

ಆದರೂ ನಮ್ಮ ಸಹಾನುಭೂತಿ ನೆರೆಯವರ ಕಡೆಗೇ. ಧ್ವನಿವರ್ಧಕದ ಸದ್ದು ಬೇಲಿಗೆ ನಿಲ್ಲುವುದಿಲ್ಲ. ಕಿರಿದಾದ ತಿರುವು ರಸ್ತೆಗಳಲ್ಲಿ ರಾತ್ರಿ ಕುಡಿದು ಹೊರಟವರ ಕಾರುಗಳ ಭಯ ಬೇರೆ. 2017ರ ಅಕ್ಟೋಬರ್‌ನ ಕಾಳ್ಗಿಚ್ಚಿನಲ್ಲಿ ಈ ಭಾಗದ ಜನ ರಾತ್ರೋರಾತ್ರಿ ಉಟ್ಟ ಬಟ್ಟೆಯಲ್ಲೇ ಓಡಿದ್ದರು. ಒಂದೇ ದಾರಿಯಿರುವ ಕಡೆ ನೂರಾರು ಅತಿಥಿಗಳೂ ಸೇರಿದ್ದರೆ ಗತಿಯೇನು? ಪಾರ್ಕಿಂಗ್ ನಕ್ಷೆ ತೋರಿಸುವುದು ಇದಕ್ಕೆ ಉತ್ತರವಲ್ಲ.

ನಾಪಾ 1968ರಲ್ಲೇ ಕೃಷಿ ಸಂರಕ್ಷಣಾ ವಲಯ ರೂಪಿಸಿತು. 1990ರ ಅದರ ನಿಯಮದಂತೆ ಹೊಸ ವೈನರಿಯ ವೈನಿಗೆ ಶೇ 75ರಷ್ಟು ದ್ರಾಕ್ಷಿ ಆ ಕೌಂಟಿಯದೇ ಆಗಿರಬೇಕು. ಅಂದರೆ ಅಲ್ಲಿ ಬೆಳೆಗೆ ಮೊದಲ ಸ್ಥಾನ, ಔತಣಕ್ಕೆ ಆಮೇಲಿನದು. ಸೊನೋಮಾ ಕೂಡ 2023ರಲ್ಲಿ ವೈನರಿ ಸಮಾರಂಭಗಳಿಗೆ ಪ್ರತ್ಯೇಕ ನಿಯಮ ತಂದಿತು.

ಅನುಮತಿ ಕೊಡುವುದಾದರೆ ವರ್ಷಕ್ಕೆ ಎಷ್ಟು ಸಮಾರಂಭ, ಎಷ್ಟು ಜನ ಎಂಬುದು ಪತ್ರದಲ್ಲೇ ಇರಲಿ. ಧ್ವನಿವರ್ಧಕ ಗೋಡೆಗಳ ಒಳಗಿರಲಿ. ಬೆಂಕಿ ಬಿದ್ದರೆ ಜನರನ್ನು ಹೊರಗೆ ಸಾಗಿಸುವ ಯೋಜನೆಗೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಸಿಗುವವರೆಗೆ ಅಡಿಪಾಯ ತೋಡಲು ಬಿಡಬಾರದು.