ಎದುರಿನವನು ಅಮಲಿನಲ್ಲಿದ್ದಾಗ ನಮ್ಮ ಎಚ್ಚರ



ನಮ್ಮ ಬೆಳ್ಳೂರು ಕ್ರಾಸ್ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುವ ಸ್ಥಳ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ 75ನೆಯ ಹೆದ್ದಾರಿಯನ್ನು ಜೇವರ್ಗಿಯ ಕಡೆಯಿಂದ ಬಂದು ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣಗಳ ಮಾರ್ಗವಾಗಿ ಚಾಮರಾಜನಗರದತ್ತ ಸಾಗುವ 150-ಎ ಹೆದ್ದಾರಿ ಇಲ್ಲಿ ಸಂಧಿಸುತ್ತದೆ. ಲಾರಿ, ಬಸ್ಸು, ಕಬ್ಬಿನ ಟ್ರ್ಯಾಕ್ಟರುಗಳಿಗೆ ಇಲ್ಲಿ ಹಗಲು ರಾತ್ರಿಯೆಂಬುದಿಲ್ಲ. ಇಂತಹ ಹಾದಿಯಲ್ಲಿ ಕುಡಿದು ವಾಹನ ನಡೆಸಬಾರದೆಂಬ ಬುದ್ಧಿವಾದವನ್ನು ಎಲ್ಲರೂ ಕೇಳಿದ್ದೇವೆ. ಆದರೆ ಕುಡಿಯದ ನಾವು, ಕುಡಿದವನು ಎದುರಾದಾಗ ಏನು ಮಾಡಬೇಕೆಂಬುದನ್ನು ಯಾರೂ ಹೇಳಿಕೊಟ್ಟಿಲ್ಲ.

ಕಳೆದ ಲಗ್ನದ ದಿನಗಳಲ್ಲಿ ನಾಗಮಂಗಲದ ಕಡೆ ಬಂಧುಗಳೊಬ್ಬರ ಮದುವೆ ಮುಗಿಸಿಕೊಂಡು ರಾತ್ರಿ ಹಿಂದಿರುಗುತ್ತಿದ್ದೆವು. ನನ್ನ ತಂಗಿಯ ಮಗ ಕಾರು ನಡೆಸುತ್ತಿದ್ದ. ಮುಂದಿದ್ದ ಕಾರೊಂದು ಒಮ್ಮೆ ಬಲಕ್ಕೆ ವಾಲುತ್ತಿತ್ತು, ಒಮ್ಮೆ ರಸ್ತೆಯ ಅಂಚಿನ ಮಣ್ಣಿಗೆ ಇಳಿಯುತ್ತಿತ್ತು. ಕಾರಣವಿಲ್ಲದೆ ಬ್ರೇಕಿನ ದೀಪ ಹತ್ತುತ್ತಿತ್ತು.

“ಮಾವ, ಹಾರನ್ ಹೊಡೆದು ಮುಂದೆ ಹೋಗಿಬಿಡಲೇ?” ಎಂದ.

“ಬೇಡಪ್ಪ, ಹಿಂದೆಯೇ ಇರು. ಅವನು ಯಾವ ಕಡೆ ತಿರುಗುವನೋ ಅವನಿಗೇ ತಿಳಿಯದು” ಎಂದೆ.

ವೇಗ ತಗ್ಗಿಸಿ, ಪೆಟ್ರೋಲ್ ಬಂಕೊಂದರಲ್ಲಿ ನಿಂತು 112ಕ್ಕೆ ಫೋನ್ ಮಾಡಿ, ಕಾರಿನ ಬಣ್ಣ, ಸಾಗುತ್ತಿದ್ದ ದಿಕ್ಕು, ಹತ್ತಿರದ ಊರು ತಿಳಿಸಿದೆವು. ಮತ್ತೆ ಹೊರಟು ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಕಾರು ರಾಗಿ ಹೊಲದಲ್ಲಿ ಮಗುಚಿತ್ತು. ಪುಣ್ಯಕ್ಕೆ ಹುಡುಗನ ಕೈ ಮುರಿದಿತ್ತಷ್ಟೆ. ಮುಖ ನೋಡಿದಾಗ ನನ್ನ ಎದೆ ಧಸಕ್ಕೆಂದಿತು. ನಮ್ಮ ಪಂಕ್ತಿಯಲ್ಲೇ ಕುಳಿತು ಉಂಡ ಹುಡುಗ ಅವನು! ಛತ್ರದ ಹಿಂದೆ ಗೆಳೆಯರೊಡನೆ ಕುಡಿದದ್ದು ನನ್ನ ಕಿವಿಗೂ ಬಿದ್ದಿತ್ತು. “ನಮಗೇಕೆ, ಅವರ ಹಿರಿಯರಿದ್ದಾರೆ” ಎಂದು ಸುಮ್ಮನಿದ್ದೆ. ರಸ್ತೆಯಲ್ಲಿ ತೋರಿದ ವಿವೇಕವನ್ನು ಛತ್ರದ ಬಾಗಿಲಲ್ಲಿ ತೋರಲಿಲ್ಲವಲ್ಲ ಎಂಬ ಕೊರಗು ಇಂದಿಗೂ ಇದೆ.

ಆ ರಾತ್ರಿಯ ನಂತರ ತಿಳಿದವರಿಂದ ಕೇಳಿ ಮನದಟ್ಟು ಮಾಡಿಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಅಮಲಿನವನು ಮುಂದಿದ್ದರೆ ಹಿಂದಿಕ್ಕುವ ಸಾಹಸ ಬೇಡ, ಅಂತರವನ್ನು ಹೆಚ್ಚಿಸಿಕೊಳ್ಳಿ. ಹಿಂದಿದ್ದರೆ ಪೈಪೋಟಿಗಿಳಿಯದೆ ಎಡಕ್ಕೆ ಸರಿದು ದಾರಿ ಬಿಡಿ. ಎದುರಿನಿಂದ ಬರುತ್ತಿದ್ದರೆ ವೇಗ ಇಳಿಸಿ, ಹಾರನ್ ಮಾಡಿ, ಸಾಧ್ಯವಾದಷ್ಟು ಎಡಕ್ಕೆ ಹೋಗಿ ಬೇಕಾದರೆ ನಿಂತುಬಿಡಿ. ತಪ್ಪಿಸಿಕೊಳ್ಳಲೆಂದು ಬಲಕ್ಕೆ ತಿರುಗಬೇಡಿ. ಕೊನೆಯ ಗಳಿಗೆಯಲ್ಲಿ ಅವನೂ ತನ್ನ ಬದಿಗೆ ಮರಳಬಹುದು. ನಡುವೆ ವಿಭಜಕವಿರುವ ಹೆದ್ದಾರಿಯಲ್ಲಿ ರಾತ್ರಿ ಎಡಪಥವೇ ಕ್ಷೇಮ. ದಿಕ್ಕು ತಪ್ಪಿ ಎದುರು ಬರುವವನು ತನ್ನ ಎಡವೆಂದು ಹಿಡಿಯುವುದು ನಮಗೆ ಬಲಕ್ಕಿರುವ, ವಿಭಜಕದ ಪಕ್ಕದ ಪಥವನ್ನು.

ಬೆನ್ನಟ್ಟುವುದು, ಅಡ್ಡಗಟ್ಟುವುದು, ಬೈಯುವುದು ಸಲ್ಲದು. ಪಕ್ಕದಲ್ಲಿರುವವರು ಅಥವಾ ವಾಹನ ನಿಲ್ಲಿಸಿದ ಮೇಲೆ ನಾವೇ 112ಕ್ಕೆ ತಿಳಿಸಬೇಕು. ವಾಹನದ ಸಂಖ್ಯೆ, ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿದರೆ ಇನ್ನೂ ಒಳ್ಳೆಯದು. ರಾಷ್ಟ್ರೀಯ ಹೆದ್ದಾರಿಗೆ 1033, ಆಂಬುಲೆನ್ಸಿಗೆ 108 ಇವೆ.

ಕುಡಿದವನು ಬಿದ್ದ ಮೇಲೂ ಅಪಾಯ ಮುಗಿಯುವುದಿಲ್ಲ. 2025ರ ಅಕ್ಟೋಬರ್ 24ರ ನಸುಕಿನಲ್ಲಿ ಕರ್ನೂಲಿನ ಬಳಿ ನಡೆದದ್ದನ್ನು ನೆನೆಯಿರಿ. ಬೈಕ್ ಸವಾರನೊಬ್ಬ ಬಿದ್ದು ಪ್ರಾಣ ಬಿಟ್ಟ. ರಸ್ತೆಯಲ್ಲೇ ಉಳಿದ ಆ ಬೈಕಿನ ಮೇಲೆ ಹೈದರಾಬಾದಿನಿಂದ ಬೆಂಗಳೂರಿಗೆ ಬರುತ್ತಿದ್ದ ಬಸ್ಸು ಹರಿದು ಬೆಂಕಿ ಹೊತ್ತಿಕೊಂಡಿತು. ಬಸ್ಸಿನಲ್ಲಿದ್ದ 19 ಮಂದಿ ಸುಟ್ಟು ಸತ್ತರು. ಸವಾರ ಮದ್ಯ ಸೇವಿಸಿದ್ದನೆಂದು ವಿಧಿವಿಜ್ಞಾನ ಪರೀಕ್ಷೆಯಿಂದ ದೃಢಪಟ್ಟಿತೆಂದು ಪೊಲೀಸರು ತಿಳಿಸಿದರು. ಬಸ್ಸಿನಲ್ಲಿ ಮಲಗಿದ್ದವರು ಮಾಡಿದ ತಪ್ಪೇನು? ಆದ್ದರಿಂದ ಬಿದ್ದ ವಾಹನ ಕಂಡರೆ ಬಳಸಿಕೊಂಡು ಹೋಗಿಬಿಡಬಾರದು. ಸುರಕ್ಷಿತವಾಗಿ ಅಂಚಿನಲ್ಲಿ ನಿಂತು, ನಾಲ್ಕೂ ಸೂಚಕ ದೀಪ ಹೊತ್ತಿಸಿ, ಹಿಂದಿನಿಂದ ಬರುವವರಿಗೆ ದೂರದಿಂದಲೇ ಬೆಳಕು ತೋರಿ ಎಚ್ಚರಿಸಿ. ರಸ್ತೆಯ ನಡುವೆ ಮಾತ್ರ ನಿಲ್ಲಬೇಡಿ.

“ಸಹಾಯಕ್ಕೆ ಹೋದರೆ ಕೋರ್ಟು ಕಚೇರಿ ಅಲೆಯಬೇಕು” ಎಂಬ ಭಯ ನಮ್ಮಲ್ಲಿ ಹಳೆಯದು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 134-ಎ ಕಲಮು, ಸದುದ್ದೇಶದಿಂದ ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ನೀಡುತ್ತದೆ. ಅದೇ ಕಾಯ್ದೆಯ 185ನೆಯ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯಸಾರವಿದ್ದರೆ ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೆ ಎರಡೂ.

ಇವೆಲ್ಲಕ್ಕಿಂತ ಮೊದಲಿನ ಕೆಲಸ ಮನೆಯಂಗಳದ್ದು. ಮಜ್ಜಿಗೆ, ನಿಂಬೆರಸ, ಕಾಫಿ, ತಣ್ಣೀರ ಸ್ನಾನ ಯಾವುದೂ ಅಮಲನ್ನು ಇಳಿಸದು. ಯಕೃತ್ತು ತನ್ನ ನಿಧಾನದಲ್ಲಿ ಅದನ್ನು ಕರಗಿಸಬೇಕು, ಅದಕ್ಕೆ ಗಂಟೆಗಳೇ ಬೇಕು. ಹೀಗಾಗಿ ಬೀಗದ ಕೈ ಇಸಿದುಕೊಂಡು, ಹಾಸಿಗೆ ಹಾಸಿಕೊಟ್ಟು, ಬೆಳಿಗ್ಗೆ ಕಳುಹಿಸುವುದೇ ಉಪಾಯ. ಅವನು ಸಿಟ್ಟಾಗಬಹುದು, ಎರಡು ದಿನ ಮಾತು ಬಿಡಬಹುದು. ಬಿಡಲಿ. ಮಾತು ಬಿಟ್ಟವನು ಮತ್ತೆ ಮಾತನಾಡಿಯಾನು.

ಬಂದವರಿಗೆ ಅನ್ನವಿಕ್ಕುವುದನ್ನು ದಾಸೋಹವೆಂದು ತಿಳಿದವರು ನಾವು. ಉಂಡವರು ಕ್ಷೇಮವಾಗಿ ಮನೆ ಸೇರುವಂತೆ ನೋಡಿಕೊಳ್ಳುವುದೂ ಅದರ ಭಾಗವೇ ಅಲ್ಲವೆ? ಮುಂದಿನ ಮದುವೆಯಲ್ಲಿ ತಾಂಬೂಲ ಕೊಡುವ ಬಾಗಿಲಲ್ಲಿ ಮನೆಯ ಹಿರಿಯರೊಬ್ಬರು ಈ ಕೆಲಸಕ್ಕೂ ನಿಲ್ಲಲಿ.