ಪೆಟ್ಟಿಗೆಯ ತಳದ ಬಟ್ಟೆ

ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಗಳ ಕಡೆಗೆ ರೈಲಿನ ಕವಲುದಾರಿಯೊಂದು ಸಾಗುತ್ತದೆ. 1894ರಲ್ಲಿ ಗಣಿಗಳ ಸಲುವಾಗಿಯೇ ಹಾಕಿದ ಹಳಿ ಅದು. ಆ ದಾರಿಯ ಇಕ್ಕೆಲದ ಯಾವ ಮನೆಯನ್ನೇ ಹೊಕ್ಕರೂ ಗೋಡೆಯ ಮೇಲೆ ಯಂತ್ರದಲ್ಲಿ ಅಚ್ಚಾದ ಜಲಪಾತದ ಪಟವೋ ಬಾಗಿಲಿಗೆ ನೈಲಾನಿನ ಪರದೆಯೋ ಕಣ್ಣಿಗೆ ಬೀಳುವುದು ಸಾಮಾನ್ಯ. ಅದೇ ಮನೆಯ ತಗಡಿನ ಪೆಟ್ಟಿಗೆಯ ತಳದಲ್ಲಿ ಅಜ್ಜಿಯ ಕೈಮಗ್ಗದ ಸೀರೆ, ಹೂಬಳ್ಳಿಯ ಕಸೂತಿ ಮಾಡಿದ ದಿಂಬಿನ ಚೀಲ, ಗಿಳಿಗಳನ್ನು ಪೋಣಿಸಿದ ಮಣಿತೋರಣ ಇವೆಲ್ಲ ಮಡಿಕೆಯೊಳಗೆ ಮಲಗಿರುತ್ತವೆ. ಹೊರಗಿರಬೇಕಾದುದು ಒಳಗಿದೆ, ಒಳಗೂ ಇರಬೇಕಾಗಿಲ್ಲದುದು ಹೊರಗಿದೆ. ಈ ವಿಪರ್ಯಾಸಕ್ಕೆ ಬಡತನ ಕಾರಣವಲ್ಲ. ಕೈಯಿಂದ ಮಾಡಿದುದು ಹಳೆಯದು, ಹಳೆಯದು ಹೀನವಾದುದು ಎಂಬ ಭಾವನೆಯೇ ಕಾರಣ.

ಗಣಿಯ ಊರಿನಲ್ಲಿ ಬಟ್ಟೆಗೆ ಬೇರೆಡೆಗಿಂತ ಹೆಚ್ಚಿನ ಅರ್ಥವಿತ್ತು. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಇಲ್ಲಿ ಕಾಲಿಟ್ಟ ಮೇಲೆ ತಮಿಳು, ತೆಲುಗು ಸೀಮೆಗಳಿಂದ ಸಾವಿರಾರು ಕುಟುಂಬಗಳು ಬಂದು ನೆಲೆಸಿದವು. ಅಧಿಕಾರಿಗಳಿಗೆ ವಿಶಾಲವಾದ ಬಂಗಲೆಗಳು, ಕೂಲಿಗಾರರಿಗೆ 'ಲೈನು' ಎಂದು ಕರೆಯುವ ಸಾಲುಮನೆಗಳು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗೆ ಹರಿದು ಬಂದಿತು. ಆದರೂ ಲೈನಿನ ಮನೆ ಇಕ್ಕಟ್ಟಾದ ಕೋಣೆಯಾಗಿಯೇ ಉಳಿಯಿತು. ಆ ಕೋಣೆಯನ್ನು ಅಡುಗೆಮನೆ, ಮಲಗುವ ಮನೆ ಎಂದು ವಿಂಗಡಿಸಿದ್ದು ಇಟ್ಟಿಗೆಯಲ್ಲ, ಅಡ್ಡವಾಗಿ ಕಟ್ಟಿದ ಒಂದು ಸೀರೆ. ಕೂಸಿನ ಜೋಲಿಯೂ ಸೀರೆಯೇ. ರಾತ್ರಿಯ ಪಾಳಿ ಮುಗಿಸಿ ಬಂದವನು ಹಗಲಿನಲ್ಲಿ ಕಣ್ಣು ಮುಚ್ಚಬೇಕಾದರೆ ಕಿಟಕಿಗೆ ಇಳಿಬಿಟ್ಟ ದಪ್ಪ ಬಟ್ಟೆಯೇ ಅವನಿಗೆ ಕತ್ತಲೆಯನ್ನು ಒದಗಿಸುತ್ತಿತ್ತು. ಮನೆಯ ಗೋಡೆಗಳು ಕಂಪನಿಗೆ ಸೇರಿದ್ದವು. ಬಟ್ಟೆ ಮಾತ್ರ ಮನೆಯವರಿಗೆ ಸೇರಿತ್ತು. ಬಡವರ ಮನೆಯಲ್ಲಿ ಅಲಂಕಾರವೆಲ್ಲಿಯದು ಎಂದು ಕೇಳುವವರು ಇದನ್ನು ಗಮನಿಸುವುದು ಒಳ್ಳೆಯದು. ಅಡ್ಡಗೋಡೆಯಾಗಿ ಕಟ್ಟುವ ಸೀರೆಯಲ್ಲಿಯೂ ಅಂಚು ಮೇಲಕ್ಕೆ ಬರಬೇಕೋ ಕೆಳಕ್ಕೆ ಬರಬೇಕೋ ಎಂದು ಯೋಚಿಸಿದ ಹೆಣ್ಣುಮಗಳು ಅಲಂಕಾರವನ್ನು ಅರಿತವಳೇ ಸರಿ.

ಹೂಬಳ್ಳಿಯ ಅಚ್ಚಿನ ಬಟ್ಟೆಯನ್ನು ಕನ್ನಡಿಗರು 'ಚೀಟಿ' ಎನ್ನುತ್ತಾರೆ. ಚೀಟಿಯ ಲಂಗ, ಚೀಟಿಯ ಸೀರೆ ಎಂಬ ಮಾತುಗಳು ಹಳ್ಳಿಗಳಲ್ಲಿ ಬಳಕೆಯಲ್ಲಿದ್ದವು. ಇಂಗ್ಲಿಷರ 'ಚಿಂಟ್ಜ್' ಎಂಬುದೂ ಇದೇ ಕುಲದ ಪದ. ಇಂಗ್ಲೆಂಡಿನ ಮನೆಯ ಪರದೆ, ಹಾಸಿಗೆ, ಕುರ್ಚಿಗಳ ಮೇಲೆ ಅರಳಿ ಅಲ್ಲಿನದೇ ಎನಿಸಿಬಿಟ್ಟಿರುವ ಹೂಬಳ್ಳಿಯ ಮೂಲ ನಮ್ಮ ನೆಲದಲ್ಲಿದೆ. ಕೋರಮಂಡಲ ತೀರದ ಕೈಬಟ್ಟೆ ಯುರೋಪಿನ ನೇಕಾರರನ್ನು ಎಷ್ಟು ಕಂಗೆಡಿಸಿತೆಂದರೆ, ಫ್ರಾನ್ಸು 1686ರಲ್ಲಿ ಅದನ್ನು ನಿಷೇಧಿಸಿತು. ಇಂಗ್ಲೆಂಡು 1721ರ ಕಾಯಿದೆಯಿಂದ ಅಚ್ಚಿನ ಹತ್ತಿಬಟ್ಟೆಯ ಬಳಕೆಯನ್ನೇ ಬಹುಮಟ್ಟಿಗೆ ತಡೆಯಿತು. ಚಕ್ರವರ್ತಿಗಳು ಕಾನೂನು ಮಾಡಿ ಅಟ್ಟಬೇಕಾಗಿ ಬಂದ ಬಟ್ಟೆಯನ್ನು ನಾವು ಯಾರ ಬಲವಂತವೂ ಇಲ್ಲದೆ ಪೆಟ್ಟಿಗೆಗೆ ತಳ್ಳಿದ್ದೇವೆ!

ಆ ಪರಂಪರೆಯ ಒಂದು ಕವಲು ಬಂಗಾರಪೇಟೆಗೆ ಬಹು ದೂರವಿಲ್ಲದ ಶ್ರೀಕಾಳಹಸ್ತಿಯಲ್ಲಿ ಇಂದಿಗೂ ಉಳಿದಿದೆ. ಅಲ್ಲಿನ ಕಲಂಕಾರಿಯನ್ನು ಅಚ್ಚಿನಿಂದ ಒತ್ತುವುದಿಲ್ಲ. ಬಿದಿರಿನ ಲೇಖನಿಯಿಂದ ಬರೆಯುತ್ತಾರೆ. ಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಹಾಲು ಬೆರೆಸಿದ ನೀರಿನಲ್ಲಿ ಅದ್ದಿ ಒಣಗಿಸುತ್ತಾರೆ. ತುಕ್ಕುಹಿಡಿದ ಕಬ್ಬಿಣವನ್ನು ಬೆಲ್ಲದ ನೀರಿನಲ್ಲಿ ದಿನಗಟ್ಟಲೆ ಕೊಳೆಯಿಸಿದರೆ ಕಪ್ಪು ಮಸಿಗೆ ಬೇಕಾದ ದ್ರವ ಸಿದ್ಧವಾಗುತ್ತದೆ. ಅದು ಅಳಲೆಯ ಒಗರಿನೊಡನೆ ಸೇರಿದಾಗ ಗೆರೆ ಕಪ್ಪಾಗಿ ನಿಲ್ಲುತ್ತದೆ. ಕೆಂಪು ಬೇಕಾದ ಕಡೆಗೆ ಸ್ಫಟಿಕ ಹಚ್ಚಿ ಬಣ್ಣದ ನೀರಿನಲ್ಲಿ ಕುದಿಸುತ್ತಾರೆ. ಒಂದೊಂದು ಬಣ್ಣಕ್ಕೂ ತೊಳೆಯುವುದು, ಒಣಗಿಸುವುದು ಬೇರೆಬೇರೆ. ದೇವಾಲಯದಲ್ಲಿ ತೂಗುಹಾಕುತ್ತಿದ್ದ ರಾಮಾಯಣ, ಮಹಾಭಾರತಗಳ ಪಟಗಳು ಹೀಗೆ ಹುಟ್ಟಿದವು. ಈ ವಿದ್ಯೆ ನಶಿಸುವ ಹಂತಕ್ಕೆ ಬಂದಾಗ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರ ಆಸಕ್ತಿಯಿಂದ 1950ರ ದಶಕದ ಕೊನೆಯಲ್ಲಿ ಅಲ್ಲಿ ಶಿಕ್ಷಣಕೇಂದ್ರವೊಂದು ಏರ್ಪಟ್ಟಿತು. ಈಗ ಅಂಗಡಿಗಳಲ್ಲಿ ಕಲಂಕಾರಿಯೆಂಬ ಹೆಸರಿನಲ್ಲಿ ಗಜದ ಲೆಕ್ಕದಲ್ಲಿ ಸಿಕ್ಕುವ ಬಟ್ಟೆಯಲ್ಲಿ ಬಹುಪಾಲು ಯಂತ್ರದ ಅಚ್ಚು. ಅಗ್ಗದ ಬಟ್ಟೆ ಕೊಳ್ಳುವುದು ತಪ್ಪಲ್ಲ. ಯಂತ್ರದ ಸರಕಿಗೆ ಕೈಯ ಹೆಸರನ್ನಿಟ್ಟು ಮಾರುವುದು ತಪ್ಪು. ಕೈಯಿಂದ ಬರೆದ ಗೆರೆ ಒಂದೆಡೆ ದಪ್ಪ, ಒಂದೆಡೆ ತೆಳು. ಎರಡು ನವಿಲುಗಳು ಒಂದೇ ತೆರನಾಗಿರುವುದಿಲ್ಲ. ಇಷ್ಟು ತಿಳಿದ ಗಿರಾಕಿಯನ್ನು ವಂಚಿಸುವುದು ಸುಲಭವಲ್ಲ.

ಇದಕ್ಕಿಂತಲೂ ದುಃಖದ ವ್ಯವಹಾರ ಇನ್ನೊಂದಿದೆ. ಹಳೆಯ ಬಟ್ಟೆಗೆ ಪಾತ್ರೆ ಕೊಡುವವರು ಬೀದಿಬೀದಿಗಳಲ್ಲಿ ತಿರುಗುವಂತೆಯೇ ಹಳೆಯ ಜರಿಸೀರೆ ಕೊಳ್ಳುವವರೂ ತಿರುಗುತ್ತಾರೆ. ಅವರಿಗೆ ಬೇಕಾದುದು ಸೀರೆಯಲ್ಲ. ಹಿಂದಿನ ಜರಿಯೆಂದರೆ ರೇಷ್ಮೆಯ ಎಳೆಗೆ ಬೆಳ್ಳಿಯ ತೆಳುವಾದ ಪಟ್ಟಿಯನ್ನು ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಸೀರೆಯನ್ನು ಸುಟ್ಟರೆ ರೇಷ್ಮೆ ಬೂದಿಯಾಗಿ ಬೆಳ್ಳಿ ಉಳಿಯುತ್ತದೆ. ನೇಕಾರನೊಬ್ಬನು ಹಲವು ದಿನ ಮಗ್ಗದ ಗುಳಿಯಲ್ಲಿ ಕುಳಿತು ನೆಯ್ದ ಅಂಚು, ಮಾವಿನಕಾಯಿಯ ಬುಟ್ಟಾ, ಸೆರಗು ಎಲ್ಲವೂ ಕ್ಷಣದಲ್ಲಿ ಹೊಗೆಯಾಗುತ್ತವೆ. ಗಣಿಯ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಟನ್ ಕಲ್ಲನ್ನು ಪುಡಿಮಾಡಿ ಕೆಲವೇ ಗ್ರಾಂ ಚಿನ್ನ ತೆಗೆದವರು ಅವರು. ಹಾಗೆ ಹೊರಬಿದ್ದ ಪುಡಿಯ ಗುಡ್ಡಗಳು ಇಂದಿಗೂ ಊರಿನ ನಡುವೆ ನಿಂತಿವೆ. ಆದರೆ ಅಲ್ಲಿ ಪುಡಿಯಾದದ್ದು ಕಲ್ಲು. ಇಲ್ಲಿ ಸುಟ್ಟುಹೋಗುವುದು ಮನುಷ್ಯನ ಕೆಲಸ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಎಷ್ಟೋ ಮನೆಗಳಲ್ಲಿ ಇಂಥ ಸೀರೆ ಕೈಬಿಟ್ಟುಹೋದದ್ದು ಅಕ್ಕಿಬೇಳೆಗಾಗಿ. ಅಂಥವರನ್ನು ಯಾರೂ ದೂರಬಾರದು. ಹಸಿದವರಿಗೆ ಕಲೆಯನ್ನು ಕುರಿತು ಉಪದೇಶ ಮಾಡುವುದು ಕ್ರೌರ್ಯ. ಆದರೆ ಹಸಿವಿಲ್ಲದ ಮನೆಯೂ ಅದನ್ನೇ ಮಾಡುತ್ತಿರುವುದನ್ನು ಕಂಡಾಗ ಸುಮ್ಮನಿರುವುದು ಕಷ್ಟ.

ಹಳೆಯ ಬಟ್ಟೆಯನ್ನು ಕತ್ತರಿಸಬಹುದೇ ಎಂಬ ಪ್ರಶ್ನೆಯೂ ಏಳುತ್ತದೆ. ಸವೆದು ಹರಿದ ಬಟ್ಟೆಗೆ ಕತ್ತರಿ ತಗುಲಿದರೆ ದೋಷವಿಲ್ಲ. ಉತ್ತರ ಕರ್ನಾಟಕದ ಕೌದಿ ಹುಟ್ಟಿದ್ದೇ ಹಾಗೆ. ಹಳಿಯಾಳ, ಯಲ್ಲಾಪುರಗಳ ಸಿದ್ದಿ ಹೆಂಗಸರು ಹಳೆಯ ತುಂಡುಗಳನ್ನು ಪದರಪದರವಾಗಿ ಇಟ್ಟು ಹೊಲಿದ ಕೌದಿಗಳನ್ನು ಇಂದು ಕಲೆಯೆಂದೇ ಗೌರವಿಸುತ್ತಾರೆ. ಗಟ್ಟಿಮುಟ್ಟಾದ ಇಳಕಲ್ಲಿನ ಸೀರೆಯ ತೋಪುತೆನೆ ಸೆರಗನ್ನು ದಿಂಬಿನ ಹೊದಿಕೆಗೆಂದು ಕತ್ತರಿಸುವುದು ಮಾತ್ರ ಬೇರೆ ಮಾತು. ಅದನ್ನು ಇಡಿಯಾಗಿ ಗೋಡೆಯ ಮೇಲೆ ಬಿಡುವುದೇ ಲೇಸು.

ಹಾಗೆ ಬಿಡುವುದಕ್ಕೂ ಕ್ರಮವಿದೆ. ಮೊಳೆ ಹೊಡೆದರೆ ಬಟ್ಟೆಯ ಭಾರವೆಲ್ಲ ಎರಡು ಮೂಲೆಗಳ ಮೇಲೆ ಬಿದ್ದು ಎಳೆ ಹರಿಯುತ್ತದೆ. ಮೇಲಂಚಿನ ಹಿಂದೆ ಉದ್ದಕ್ಕೂ ಬಟ್ಟೆಯ ಪಟ್ಟಿಯೊಂದನ್ನು ಹೊಲಿದು ಅದರೊಳಗೆ ಬಿದಿರಿನ ಕೋಲು ತೂರಿಸಿದರೆ ಭಾರ ಸಮನಾಗಿ ಹಂಚಿಹೋಗುತ್ತದೆ. ನೇರವಾದ ಬಿಸಿಲು ಗಿಡಮೂಲಿಕೆಯ ಬಣ್ಣಕ್ಕೆ ಶತ್ರು. ಪೆಟ್ಟಿಗೆಯಲ್ಲಿಡುವ ರೇಷ್ಮೆಯನ್ನು ಪ್ಲಾಸ್ಟಿಕ್ಕಿನಲ್ಲಲ್ಲ, ಒಗೆದ ಬಿಳಿಯ ಹತ್ತಿಬಟ್ಟೆಯಲ್ಲಿ ಸುತ್ತಿಡಬೇಕು. ಆಗಾಗ ತೆಗೆದು ಮಡಿಕೆಯನ್ನು ಬದಲಿಸದಿದ್ದರೆ ಮಡಿಕೆಯ ಗೆರೆಯಲ್ಲಿಯೇ ಸೀಳುತ್ತದೆ. ಬಟ್ಟೆಯ ಹಿಂದೆ ಒಂದು ಚಿಕ್ಕ ತುಂಡು ಹೊಲಿದು, ಯಾರ ಸೀರೆ, ಯಾವ ಊರಿನದು, ಯಾವ ಮದುವೆಯದು ಎಂದು ದಾರದಲ್ಲಿ ಬರೆದಿಡುವುದೂ ಒಳ್ಳೆಯದು. ಕೆಲಸವನ್ನರಸಿ ಬೆಳಗಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವ ಮನೆಯವರು ಕೊನೆಗೊಂದು ದಿನ ಅಲ್ಲಿಯೇ ನೆಲೆಸಲು ಹೊರಟಾಗ ಮಂಚ, ಬೀರುಗಳನ್ನು ಮಾರಬೇಕಾಗಬಹುದು. ಗೋಡೆಯ ಸೀರೆ ಮಡಿಸಿದರೆ ಒಂದು ಕೈಚೀಲದಲ್ಲಿ ಹಿಡಿಯುತ್ತದೆ.