ಸಹಿಗೆ ಇಪ್ಪತ್ತು ಲಕ್ಷ, ಸದ್ದಿಗೆ ಎಷ್ಟು?

2006ರ ನವೆಂಬರ್ ಕೊನೆಯಲ್ಲಿ ಅಮೆರಿಕದ ಫೆಂಡರ್ ಕಂಪನಿಯ 275 ಎಲೆಕ್ಟ್ರಿಕ್ ಗಿಟಾರ್‌ಗಳು ಮಾರಾಟಕ್ಕೆ ಬಂದವು. ಒಂದೊಂದರ ಘೋಷಿತ ಬೆಲೆ 24,000 ಡಾಲರ್. ಅಂದರೆ ಇವತ್ತಿನ ದರದಲ್ಲಿ ಇಪ್ಪತ್ತು ಲಕ್ಷ ರೂಪಾಯಿಗೂ ಮೇಲೆ. ಸಂಜೆಯಾಗುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಎರಿಕ್ ಕ್ಲ್ಯಾಪ್ಟನ್ ವರ್ಷಗಟ್ಟಲೆ ನುಡಿಸಿದ ‘ಬ್ಲ್ಯಾಕಿ’ ಎಂಬ ಕಪ್ಪು ಗಿಟಾರಿನ ಪಡಿಯಚ್ಚುಗಳವು. ಮೂಲದಲ್ಲಿದ್ದ ಗೀರು, ಸವೆತ, ಸಿಗರೇಟಿನ ಸುಟ್ಟ ಕಲೆಯನ್ನೂ ಬಿಡದೆ ನಕಲು ಮಾಡಲಾಗಿತ್ತು.

ಮೂಲ ಬ್ಲ್ಯಾಕಿಗೆ ಅಂಥ ಉನ್ನತ ಕುಲಗೋತ್ರವೇನೂ ಇರಲಿಲ್ಲ. 1970ರಲ್ಲಿ ಕ್ಲ್ಯಾಪ್ಟನ್ ನ್ಯಾಶ್‌ವಿಲ್‌ನ ಅಂಗಡಿಯೊಂದರಲ್ಲಿ ಫೆಂಡರ್‌ನ ಆರು ಹಳೆಯ ಸ್ಟ್ರ್ಯಾಟೊಕಾಸ್ಟರ್ ಗಿಟಾರ್‌ಗಳನ್ನು ಕೊಂಡ. ಆಗ ಅವು ಯಾರಿಗೂ ಬೇಡವಾಗಿದ್ದ ಸೆಕೆಂಡ್ ಹ್ಯಾಂಡ್ ಮಾಲು, ಒಂದೊಂದಕ್ಕೆ ಇನ್ನೂರು ಮುನ್ನೂರು ಡಾಲರ್. ಮೂರನ್ನು ಜಾರ್ಜ್ ಹ್ಯಾರಿಸನ್, ಪೀಟ್ ಟೌನ್‌ಶೆಂಡ್, ಸ್ಟೀವ್ ವಿನ್‌ವುಡ್ ಅವರಿಗೆ ಕೊಟ್ಟುಬಿಟ್ಟ. ಉಳಿದ ಮೂರನ್ನು ಬಿಚ್ಚಿ, ಚೆನ್ನಾಗಿದ್ದ ಭಾಗಗಳನ್ನು ಆರಿಸಿ ಒಂದು ಗಿಟಾರ್ ಮಾಡಿಕೊಂಡ. 2004ರಲ್ಲಿ ಅದು ಕ್ರಿಸ್ಟೀಸ್ ಹರಾಜಿನಲ್ಲಿ 9,59,500 ಡಾಲರ್‌ಗೆ ಹೋಯಿತು. ಹಣ ಅವನೇ ಕಟ್ಟಿದ ವ್ಯಸನಮುಕ್ತಿ ಕೇಂದ್ರಕ್ಕೆ ಸಂದಿತು. ಘೋಷಿತ ಬೆಲೆಯಲ್ಲಿ ಲೆಕ್ಕ ಹಾಕಿದರೆ 275 ನಕಲುಗಳ ಮೊತ್ತ 66 ಲಕ್ಷ ಡಾಲರ್. ಅಸಲಿನ ಹೆಚ್ಚುಕಡಿಮೆ ಏಳು ಪಟ್ಟು!

ಎಡ್ಡಿ ವ್ಯಾನ್ ಹೇಲನ್‌ನದು ಇನ್ನೂ ಸ್ವಾರಸ್ಯದ ಕಥೆ. ಐವತ್ತು ಡಾಲರಿನ ಬಾಡಿ, ಎಂಬತ್ತು ಡಾಲರಿನ ನೆಕ್ ಸೇರಿಸಿ, ಸೈಕಲ್ ಬಣ್ಣ ಬಳಿದು, ತನ್ನ ಕೈಯಾರೆ ಅವನು ಕಟ್ಟಿಕೊಂಡ ಗಿಟಾರಿಗೆ ‘ಫ್ರ್ಯಾಂಕನ್‌ಸ್ಟೈನ್’ ಎಂಬ ಹೆಸರು ಬಿತ್ತು. 2007ರಲ್ಲಿ ಫೆಂಡರ್ ಅದರ 300 ಪ್ರತಿಗಳನ್ನು ತಲಾ 25,000 ಡಾಲರ್‌ಗೆ ಹೊರತಂದಿತು. ಸ್ವರ ಏರಿಳಿಸುವ ಟ್ರೆಮೊಲೊ ಅಲುಗದಿರಲಿ ಎಂದು ಎಡ್ಡಿ ಕೆಳಗೆ ಸಿಕ್ಕಿಸಿದ್ದ 1971ರ ಕಾಲು ಡಾಲರ್ ನಾಣ್ಯ ಕೂಡ ಪ್ರತಿಯೊಂದರಲ್ಲೂ ಇತ್ತು. ಹುಡುಗನೊಬ್ಬ ದುಡ್ಡಿಲ್ಲದೆ ಮಾಡಿಕೊಂಡ ಜುಗಾಡು ಮುಂದೆ ದುಡ್ಡಿದ್ದವರ ಗಾಜಿನ ಬೀರು ಸೇರಿತು.

ಈ ಮಾತು ಪಶ್ಚಿಮ ಬೆಂಗಳೂರಿನಲ್ಲಿ ಯಾಕೆ ಎಂದರೆ, ಗಿರಾಕಿ ಈಗ ಇಲ್ಲಿಯೂ ತಯಾರಾಗಿದ್ದಾನೆ. ಅರಮನೆ ಮೈದಾನದಲ್ಲಿ 2005ರಲ್ಲಿ ಮಾರ್ಕ್ ನಾಫ್ಲರ್, 2007ರಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕ ನುಡಿಸಿದಾಗ ಕೆಸರಿನಲ್ಲಿ ನಿಂತು ಕಿರುಚಿದ ಹುಡುಗರಿಗೆ ಈಗ ಮೂವತ್ತೈದು, ನಲವತ್ತು ದಾಟಿದೆ. ಅಂದು ಮೈಸೂರು ರಸ್ತೆಯ ಎಂಜಿನಿಯರಿಂಗ್ ಕಾಲೇಜುಗಳ ಉತ್ಸವದಲ್ಲಿ ಎರವಲು ಗಿಟಾರ್ ಹಿಡಿದು ವೇದಿಕೆ ಹತ್ತಿದವರಿಗೆ ಇಂದು ಬಸವೇಶ್ವರನಗರದಲ್ಲಿ ಫ್ಲ್ಯಾಟ್ ಇದೆ, ಕೆಂಗೇರಿ ಕಡೆಯ ಟೆಕ್ ಪಾರ್ಕಿನಲ್ಲಿ ಕೆಲಸ ಇದೆ, ಕ್ರೆಡಿಟ್ ಕಾರ್ಡಿನಲ್ಲಿ ‘ನೋ ಕಾಸ್ಟ್ ಇಎಂಐ’ ಇದೆ. ಹದಿನೆಂಟರಲ್ಲಿ ಕೈಗೆಟುಕದ್ದನ್ನು ನಲವತ್ತರಲ್ಲಿ ಕೊಳ್ಳುವ ಆಸೆ ತಪ್ಪಲ್ಲ. ಗಿಟಾರ್ ಕಂಪನಿಗಳಿಗೂ ಆ ಆಸೆಯ ವಯಸ್ಸು ಚೆನ್ನಾಗಿ ಗೊತ್ತು.

ಕಲಾವಿದನ ಹೆಸರಿನ ಗಿಟಾರ್ ಹೊಸದೇನಲ್ಲ. ಗಿಬ್ಸನ್ ಕಂಪನಿಯ ‘ಲೆಸ್ ಪಾಲ್’ 1952ರಲ್ಲಿ ಬಂದಾಗ ಲೆಸ್ ಪಾಲ್ ಅಂದಿನ ಜನಪ್ರಿಯ ಗಿಟಾರ್ ವಾದಕ. ಇಂದು ಅದನ್ನು ಹಿಡಿಯುವ ಎಷ್ಟೋ ಮಕ್ಕಳಿಗೆ ಅದು ಮನುಷ್ಯನ ಹೆಸರೆಂಬುದೇ ತಿಳಿಯದು. ಫೆಂಡರ್ ತನ್ನ ಸ್ಟ್ರ್ಯಾಟೊಕಾಸ್ಟರ್ ಮೇಲೆ ಮೊದಲ ಸಲ ಕಲಾವಿದನೊಬ್ಬನ ಹೆಸರು ಹಾಕಿದ್ದು 1988ರಲ್ಲಿ, ಕ್ಲ್ಯಾಪ್ಟನ್‌ಗಾಗಿ. ಅದರೊಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಒಂದಿತ್ತು. ಮಧ್ಯದ ಸ್ವರಗಳನ್ನು ಉಬ್ಬಿಸಿ, ತೆಳುದನಿಯ ಸ್ಟ್ರ್ಯಾಟ್‌ಗೆ ತುಂಬುದನಿ ಕೊಡುವುದು ಅದರ ಕೆಲಸ. ಇದು ಹೆಸರಿನ ಜೊತೆಗೆ ಕೆಲಸಕ್ಕೂ ಬರುವ ಸಂಗತಿ. 1987ರಲ್ಲಿ ಐಬನೀಜ್ ಸ್ಟೀವ್ ವೈಗಾಗಿ ಮಾಡಿದ ‘ಜೆಮ್’ ಕೂಡ ಹಾಗೆಯೇ. ಇಪ್ಪತ್ತನಾಲ್ಕು ಫ್ರೆಟ್, ಮೇಲಿನ ಫ್ರೆಟ್‌ಗಳಿಗೆ ಸಲೀಸಾಗಿ ಬೆರಳು ಹೋಗುವ ಆಳದ ಕಚ್ಚು, ಟ್ರೆಮೊಲೊವನ್ನು ಮೇಲಕ್ಕೂ ಎಳೆಯಲು ಕೊರೆದ ಜಾಗ ಎಲ್ಲವೂ ವಾದಕ ಬೇಡಿದ್ದು. ಅದರ ಹಸಿರು ಬಣ್ಣದ 777 ಗಿಟಾರ್‌ಗಳ ಮೇಲೆ ವೈ ತಾನೇ ಸಹಿ ಹಾಕಿದ. ಸಂಗ್ರಾಹಕರು ಇಂದಿಗೂ ಅದರ ಬೆನ್ನು ಹತ್ತುತ್ತಾರೆ. ಆದರೆ ಅದೇ ವರ್ಷ ಐಬನೀಜ್ ಅದೇ ವಿನ್ಯಾಸದಿಂದ ಆರ್‌ಜಿ ಸರಣಿಯನ್ನೂ ತಂದಿತು. ಸಹಿ ಇಲ್ಲ, ಜೆಮ್‌ನ ಬಾಡಿಯಲ್ಲಿದ್ದ ಹಿಡಿಕೆಯ ತೂತಿಲ್ಲ, ಬೆಲೆಯೂ ಅಷ್ಟಿಲ್ಲ. ಬೆರಳಿಗೆ ಬೇಕಾದದ್ದೆಲ್ಲ ಹೆಚ್ಚುಕಡಿಮೆ ಅದರಲ್ಲೇ ಇತ್ತು. ವೈ ಪಟ್ಟ ಶ್ರಮದ ಫಲ ಸಾಮಾನ್ಯ ವಾದಕನಿಗೆ ಸಿಕ್ಕಿದ್ದು ಆ ಸರಣಿಯಿಂದ.

ಸಿಗ್ನೇಚರ್ ಗಿಟಾರ್ ಕೊಳ್ಳಬೇಕೇ ಎಂದು ಕೇಳುವವರು ಮೊದಲು ಈ ಎರಡನ್ನು ಬೇರ್ಪಡಿಸಿ ನೋಡಬೇಕು. ವಾದಕ ತನ್ನ ತೊಂದರೆಗೆ ಕಂಡುಕೊಂಡ ಪರಿಹಾರ ಒಂದು, ಅದರ ಮೇಲಿನ ಸಂಖ್ಯೆ, ಸಹಿ, ಪ್ರಮಾಣಪತ್ರ ಇನ್ನೊಂದು. ಮೊದಲನೆಯದಕ್ಕೆ ದುಡ್ಡು ಕೊಡುವುದು ನ್ಯಾಯ. ಎರಡನೆಯದಕ್ಕೆ ಕೊಡುವ ದುಡ್ಡು ಸದ್ದಾಗಿ ಹೊರಗೆ ಬರುವುದಿಲ್ಲ.

ಬರುವುದಿಲ್ಲ ಎನ್ನಲು ಕಾರಣವಿದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕೆಳಗಿರುವುದು ಅಯಸ್ಕಾಂತ, ಅದರ ಸುತ್ತ ಸುತ್ತಿದ ತಾಮ್ರದ ಸುರುಳಿ; ಇವೆರಡೂ ಸೇರಿ ಪಿಕಪ್. ತಂತಿ ಅದುರಿದಾಗ ಸುರುಳಿಯಲ್ಲಿ ಹುಟ್ಟುವ ಸಣ್ಣ ವಿದ್ಯುತ್ತು ಆಂಪ್ಲಿಫೈಯರ್‌ಗೆ ಹೋಗಿ ಸದ್ದಾಗುತ್ತದೆ. ಕಿವಿಗೆ ಬೀಳುವುದರಲ್ಲಿ ಬೆರಳು, ತಂತಿ, ಪಿಕಪ್, ಆಂಪ್ಲಿಫೈಯರ್ ಇವುಗಳ ಪಾಲೇ ದೊಡ್ಡದು. ಗಿಟಾರ್ ವಾದಕ ಪೀಟರ್ ಗ್ರೀನ್ ಬಳಿಯಿದ್ದ ‘ಗ್ರೀನಿ’ ಎಂಬ 1959ರ ಲೆಸ್ ಪಾಲ್‌ಗೆ ಮೂಗಿನಲ್ಲಿ ಹಾಡಿದಂಥ ವಿಶಿಷ್ಟ ದನಿ ಬಂದದ್ದು ಯಾವ ದಿವ್ಯ ಮರದಿಂದಲೂ ಅಲ್ಲ. ಒಂದು ಪಿಕಪ್‌ನ ಅಯಸ್ಕಾಂತ ತಿರುಗುಮುರುಗಾಗಿ ಕೂತಿದ್ದರಿಂದ. ಅಯಸ್ಕಾಂತವನ್ನು ತಿರುಗಿಸುವುದು ಕಸುಬು ಬಲ್ಲ ರಿಪೇರಿಯವರಿಗೆ ಒಂದು ಸಂಜೆಯ ಕೆಲಸ. ಆ ಗಿಟಾರ್ ಗ್ಯಾರಿ ಮೂರ್ ಕೈಗೆ ಹೋಗಿ, ಮುಂದೆ ಮೆಟಾಲಿಕದ ಕರ್ಕ್ ಹ್ಯಾಮೆಟ್ ಕೈ ಸೇರಿತು. 2010ರಲ್ಲಿ ಗಿಬ್ಸನ್ ಅದರ ಸೀಮಿತ ಪ್ರತಿಗಳನ್ನು ಮಾಡಿತು. 2023ರಲ್ಲಿ ಹ್ಯಾಮೆಟ್ ಹೆಸರಿನಲ್ಲಿ ಗಿಬ್ಸನ್ ‘ಗ್ರೀನಿ’, ಜೊತೆಗೆ ಇನ್ನೂ ಅಗ್ಗದ ಎಪಿಫೋನ್ ‘ಗ್ರೀನಿ’ ಬಂದವು. ‘ಇನ್ನು ಸಿಗುವುದಿಲ್ಲ’ ಎಂದು ಅವಸರಪಟ್ಟು ಕೊಂಡವರು ಇದನ್ನು ಗಮನಿಸಬೇಕು. ಸೀಮಿತವಾಗಿರುವುದು ಆ ಒಂದು ಕಂತು ಮಾತ್ರ, ಮುಂದಿನ ಕಂತಿಗೆ ಯಾರ ಅಡ್ಡಿಯೂ ಇಲ್ಲ.

ಕಂಪನಿಗಳು ‘ರೆಲಿಕ್’ ಎಂದು ಕರೆಯುವ ಇನ್ನೊಂದು ವಿಚಿತ್ರವಿದೆ. ಹೊಸ ಗಿಟಾರಿನ ಬಣ್ಣ ಕೆತ್ತಿ, ತಿರುಪುಗಳಿಗೆ ತುಕ್ಕು ಹಿಡಿಸಿ, ಮೂವತ್ತು ವರ್ಷ ದುಡಿದಂತೆ ಕಾಣಿಸಿ, ಅದಕ್ಕೆ ಹೆಚ್ಚು ಬೆಲೆ ತೆಗೆದುಕೊಳ್ಳುತ್ತಾರೆ. ಶೋರೂಮಿನಲ್ಲೇ ಗೀರಿಸಿ ಕೊಟ್ಟ ಸ್ಕೂಟರಿಗೆ ವಿಜಯನಗರದಲ್ಲಿ ಯಾರಾದರೂ ಹತ್ತು ಸಾವಿರ ಹೆಚ್ಚು ಕೊಟ್ಟಾರೆಯೇ? ಸವೆದ ನೆಕ್ ಕೈಗೆ ಹಿತ ಎನ್ನುವುದೇನೋ ನಿಜ. ನಾಲ್ಕು ವರ್ಷ ನುಡಿಸಿದರೆ ಆ ಹಿತ ಪುಕ್ಕಟೆ ಸಿಗುತ್ತದೆ.

ಹೂಡಿಕೆಯ ವಾದವನ್ನೂ ನೋಡೋಣ. ಡೇವಿಡ್ ಗಿಲ್ಮೋರ್‌ನ ಕಪ್ಪು ಸ್ಟ್ರ್ಯಾಟ್ 2019ರ ಜೂನ್‌ನಲ್ಲಿ 39,75,000 ಡಾಲರ್‌ಗೆ ಹೋಯಿತು. ಕರ್ಟ್ ಕೋಬೈನ್‌ನ ಮಾರ್ಟಿನ್ ಮರುವರ್ಷ 60 ಲಕ್ಷ ಡಾಲರ್ ದಾಟಿತು. 2024ರ ಜನವರಿಯಲ್ಲಿ ನಾಫ್ಲರ್ ತನ್ನ ನೂರಿಪ್ಪತ್ತಕ್ಕೂ ಹೆಚ್ಚು ಗಿಟಾರ್, ಆಂಪ್ಲಿಫೈಯರ್‌ಗಳನ್ನು ಲಂಡನ್ನಿನಲ್ಲಿ ಹರಾಜಿಗಿಟ್ಟಾಗ 88 ಲಕ್ಷ ಪೌಂಡ್‌ಗೂ ಮಿಕ್ಕಿ ಬಂತು, ಕಾಲು ಭಾಗ ದಾನಕ್ಕೆ ಹೋಯಿತು. ಈ ಸುದ್ದಿ ಓದಿದವರಿಗೆ ತಮ್ಮ ಮನೆಯ ಗಿಟಾರಿಗೂ ರೆಕ್ಕೆ ಬಂದಂತೆ ಅನಿಸುವುದು ಸಹಜ. ಆದರೆ ಅವೆಲ್ಲ ಆ ಕೈಗಳು ನುಡಿಸಿದ, ಆ ಧ್ವನಿಮುದ್ರಣಗಳಲ್ಲಿ ಕೇಳಿಸಿದ ಗಿಟಾರ್‌ಗಳು. 275ರಲ್ಲಿ 143ನೆಯದಕ್ಕೆ ಆ ಚರಿತ್ರೆ ಇಲ್ಲ. ಮೇಲಾಗಿ ಇಲ್ಲಿಗೆ ತರಿಸುವಾಗ ಸಾಗಣೆ, ಆಮದು ಸುಂಕ, ಜಿಎಸ್‌ಟಿ ಎಲ್ಲ ತೆರಬೇಕು. ಮಾರುವಾಗ ಅದನ್ನು ಯಾರೂ ಮರಳಿಸುವುದಿಲ್ಲ. ಇಪ್ಪತ್ತು ಲಕ್ಷದ ಗಿಟಾರಿಗೆ ರಾಜಾಜಿನಗರದಲ್ಲಿ ಗಿರಾಕಿ ಹುಡುಕುವುದು ಅಲ್ಲಿ ಸೈಟು ಹುಡುಕುವುದಕ್ಕಿಂತ ಕಷ್ಟ. ನಕಲಿ ಪ್ರಮಾಣಪತ್ರ, ನಕಲಿ ಕ್ರಮಸಂಖ್ಯೆಗಳ ಕಾಟ ಬೇರೆ.

ಇದರ ಜೊತೆ ನಮ್ಮ ಮಲೆನಾಡಿನ ಬೀಟೆ ಮರದ ವಿಷಯವೂ ಇದೆ. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್‌ನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ ಭಾರತದ ಬೀಟೆಗೆ ತಿರುಗಿತು. ಇಂದು ಲೋಕದ ಲೆಕ್ಕವಿಲ್ಲದಷ್ಟು ಗಿಟಾರ್‌ಗಳ ಫಿಂಗರ್‌ಬೋರ್ಡ್ ದಕ್ಷಿಣ ಭಾರತದ ಬೀಟೆಯದು. 2017ರ ಜನವರಿಯಲ್ಲಿ, ಅಳಿವಿನ ಭಯದ ಸಸ್ಯ-ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದಡಿ ಆ ಜಾತಿಯ ಮರಗಳಿಗೆಲ್ಲ ಪರವಾನಗಿಯ ಕಟ್ಟುಪಾಡು ಬಂದು ಗಿಟಾರ್ ಕಂಪನಿಗಳು ಕಂಗಾಲಾದವು. 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಘಟ್ಟದಿಂದ ಹೊರಟ ಮರ ಸಮುದ್ರ ದಾಟಿ, ಮೇಲೊಂದು ಸಹಿ ಹೊತ್ತು, ಸುಂಕ ಕಟ್ಟಿಸಿಕೊಂಡು ಬೆಂಗಳೂರಿಗೆ ವಾಪಸಾಗುವುದೂ ಉಂಟು.

ಇನ್ನು ಗಿಟಾರ್ ನುಡಿಯುವ ಜಾಗ. ಗಣೇಶೋತ್ಸವದ ಪೆಂಡಾಲಿನಲ್ಲಿ, ನವೆಂಬರಿನ ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲಿ ನುಡಿಸುವವನ ಗಿಟಾರ್ ಪ್ರೊಸೆಸರ್ ಮೂಲಕ ನೇರ ಮಿಕ್ಸರಿಗೆ ಹೋಗುತ್ತದೆ. ಪಕ್ಕದಲ್ಲಿ ಜನರೇಟರ್, ಎದುರಿಗೆ ಪಟಾಕಿ. ರಾತ್ರಿ ಹನ್ನೊಂದಕ್ಕೆ ಅದೇ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಮಳೆಯಲ್ಲಿ ಬೈಕ್ ಏರಬೇಕು. ಅಂಥವನಿಗೆ ಬೇಕಾದದ್ದು ಶ್ರುತಿ ನಿಲ್ಲುವ ಕೀಲಿ, ಸದ್ದಿಲ್ಲದ ವೈರಿಂಗ್, ಕಳೆದರೂ ಎದೆಯೊಡೆಯದ ಬೆಲೆ. ಮಾರ್ಚಿನ ಒಣಹವೆಗೂ ಆಗಸ್ಟಿನ ತೇವಕ್ಕೂ ನೆಕ್ ಬಾಗುತ್ತದೆ. ವರ್ಷಕ್ಕೆರಡು ಸಲ ಬಲ್ಲವರ ಕೈಯಲ್ಲಿ ಸೆಟಪ್ ಮಾಡಿಸಿದ ಸಾಧಾರಣ ಗಿಟಾರ್, ಪೆಟ್ಟಿಗೆಯಲ್ಲಿ ಮಲಗಿದ ಸೀಮಿತ ಆವೃತ್ತಿಯನ್ನು ನುಡಿತದಲ್ಲಿ ಸೋಲಿಸುತ್ತದೆ.

ಪಶ್ಚಿಮ ಬೆಂಗಳೂರಿನ ಬಡಾವಣೆಗಳ ಸ್ವಭಾವಕ್ಕೆ ಹೊಂದುವ ಮಾದರಿ ಬೇಕಾದರೆ ಅದು ಬ್ರಯಾನ್ ಮೇ. ಕ್ವೀನ್ ತಂಡದ ಈ ವಾದಕ 1963ರಲ್ಲಿ, ಹದಿಹರೆಯದಲ್ಲಿ, ಕೊಳ್ಳಲು ದುಡ್ಡಿಲ್ಲದೆ ತಂದೆ ಹ್ಯಾರಲ್ಡ್ ಜೊತೆ ಕೂತು ಗಿಟಾರ್ ಕಟ್ಟಲು ತೊಡಗಿದ. ನೆಕ್‌ಗೆ ಹಳೆಯ ಅಗ್ಗಿಷ್ಟಿಕೆಯ ಮಹಾಗನಿ, ಬಾಡಿಗೆ ಹಳೆ ಮೇಜಿನ ಓಕ್, ಟ್ರೆಮೊಲೊಗೆ ಮೋಟರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗ್, ಅದರ ಹಿಡಿಗೆ ಹೆಣಿಗೆ ಕಡ್ಡಿಯ ತುದಿ, ಫ್ರೆಟ್ ಗುರುತಿಗೆ ಅಮ್ಮನ ಹೊಲಿಗೆ ಪೆಟ್ಟಿಗೆಯ ಮುತ್ತಿನಚಿಪ್ಪಿನ ಗುಂಡಿ. ಖರ್ಚು ಸುಮಾರು ಎಂಟು ಪೌಂಡ್. ಕಾಮಾಕ್ಷಿಪಾಳ್ಯದ, ರಾಜಾಜಿನಗರ ಕೈಗಾರಿಕಾ ಪ್ರದೇಶದ ಲೇತ್ ಅಂಗಡಿಗಳಿಗೆ ಈ ಬುದ್ಧಿ ಹೊಸದಲ್ಲ. ಹಿತ್ತಾಳೆಯ ನಟ್ಟನ್ನೋ ಉಕ್ಕಿನ ಬ್ಲಾಕನ್ನೋ ಅಳತೆ ಕೊಟ್ಟರೆ ಕೂದಲೆಳೆ ತಪ್ಪದೆ ಕಡೆದು ಕೊಡುವ ಕೈಗಳು ಅಲ್ಲಿವೆ.

ವಾದ್ಯವನ್ನು ಕೈಗೆ ಒಗ್ಗಿಸುವ ವಿದ್ಯೆ ಈ ನಾಡಿಗೂ ಹಳೆಯದು. ವೀಣೆಯ ಇಪ್ಪತ್ತನಾಲ್ಕು ಮೆಟ್ಟಿಲುಗಳನ್ನು ಮೇಣದ ಮೇಲೆ ಒಂದೊಂದಾಗಿ, ನುಡಿಸುವವರ ಕಿವಿ ಒಪ್ಪುವವರೆಗೆ ಕೂರಿಸುತ್ತಾರೆ. ಮೇಣ ಹಳತಾದರೆ ಮತ್ತೆ ಮಾಡಿಸುತ್ತಾರೆ. ಮೈಸೂರಿನ ವೀಣೆ ಶೇಷಣ್ಣನವರ ಹೆಸರು ಇಂದಿಗೂ ಬದುಕಿರುವುದು ಅವರ ಬಾನಿಯಿಂದ; ಅವರ ಸಹಿಯ ವೀಣೆಯನ್ನು ಯಾರೂ ಮಾರಲಿಲ್ಲ. ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತ ಜಾನ್ ಮೆಕ್‌ಲಾಫ್ಲಿನ್, 1970ರ ದಶಕದಲ್ಲಿ ‘ಶಕ್ತಿ’ ತಂಡಕ್ಕಾಗಿ ಫ್ರೆಟ್‌ಗಳ ನಡುವಿನ ಮರವನ್ನು ತೋಡಿದ ಗಿಟಾರ್ ಮಾಡಿಸಿಕೊಂಡರು. ಬೆರಳು ಮರಕ್ಕೆ ತಾಗದೆ ತಂತಿಯನ್ನು ವೀಣೆಯಂತೆ ಎಳೆದು ಗಮಕ ಹಿಡಿಯಲು ಅದು ದಾರಿ ಮಾಡಿತು. ಸ್ವೀಡನ್ನಿನ ಇಂಗ್ವೆ ಮಾಲ್ಮ್‌ಸ್ಟೀನ್ ಹೆಸರಿನ ಫೆಂಡರ್‌ನಲ್ಲೂ ಇದೇ ತೋಡು ಇದೆ.

ಗಾಜಿನ ಬೀರುವಿನಲ್ಲಿಟ್ಟು ನೋಡುವುದೇ ಸುಖ ಎನ್ನುವವರು ಸೀಮಿತ ಆವೃತ್ತಿಯನ್ನು ಧಾರಾಳವಾಗಿ ಕೊಳ್ಳಲಿ. ಅದು ಅವರ ದುಡ್ಡು, ಅವರ ಖುಷಿ. ನುಡಿಸುವುದಕ್ಕಾಗಿ ಕೊಳ್ಳುವವರು ಬೇಡ ಎನ್ನುವುದೇ ಮೇಲು. ಇಷ್ಟದ ಕಲಾವಿದನ ಹೆಸರು ಬೇಕೇಬೇಕು ಎನಿಸಿದರೆ ಅದೇ ಮಾದರಿಯ ಅಗ್ಗದ ಆವೃತ್ತಿಯನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಬಹುದು. ಉಳಿದದ್ದು ಒಳ್ಳೆಯ ಆಂಪ್ಲಿಫೈಯರ್‌ಗೂ ಪಾಠದ ಫೀಸಿಗೂ ಆಗುತ್ತದೆ. ಗಮಕದ ಹುಚ್ಚಿರುವವರು ಫ್ರೆಟ್ ನಡುವಿನ ಮರ ತೋಡಿಸುವುದಾದರೆ ಮೊದಲು ಹಳೆಯ, ಅಗ್ಗದ ನೆಕ್ ಒಂದರ ಮೇಲೆ, ಅದೂ ಮೇಲಿನ ನಾಲ್ಕೈದು ಫ್ರೆಟ್‌ಗಳಿಗೆ ಮಾತ್ರ ಮಾಡಿಸಿ ನೋಡಲಿ. ತೋಡಿದ ಮರ ಮತ್ತೆ ತುಂಬುವುದಿಲ್ಲ, ಒತ್ತಿ ಹಿಡಿಯುವ ಅಭ್ಯಾಸವಿರುವ ಕೈಗೆ ಅದರಲ್ಲಿ ಪ್ರತಿ ಸ್ವರವೂ ಶ್ರುತಿ ಏರಿ ಕೇಳಿಸುತ್ತದೆ.